ನಾರ್ಮಂಡಿಯ ದೊರೆಯೂ ನಮ್ಮ ಗಂಗಕ್ಕನೂ

ಗಂಗಕ್ಕ, ನೀನು ನನ್ನ ಅಕ್ಕನೇ ಅಲ್ಲವೆಂದು ಹತ್ತು ಜನರ ಮುಂದೆ ನಾನು ಸುಳ್ಳು ಹೇಳಿದೆ. ತಿಳಿಯದೆ ಹೇಳಿದ್ದಲ್ಲ. ಅಪ್ಪ ಸಾಯುವ ಮೊದಲೇ ನನಗೆ ಎಲ್ಲ ಹೇಳಿದ್ದ — ನನ್ನ ಅವ್ವನಿಗಿಂತ ಮುಂಚೆ ಬಿಳಿಚೋಡಿನ ಒಬ್ಬ ವಿಧವೆಯನ್ನು, ಮದುವೆಯ ಶಾಸ್ತ್ರವಿಲ್ಲದೆ ಬರೀ ಸೀರೆ ಉಡಿಸಿ, ಉಡಿಕೆ ಮಾಡಿಕೊಂಡದ್ದು, ಆಕೆ ತೀರಿಕೊಂಡ ಮೇಲೆ ಕೂಸಾಗಿದ್ದ ನಿನ್ನನ್ನು ಅಜ್ಜಿಯ ಮನೆಯಲ್ಲೇ ಬಿಟ್ಟು ಬಂದದ್ದು.

ನಾನಾಗ ಹೊನ್ನಾಳಿಯ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಯುರೋಪಿನ ರಾಜಮನೆತನಗಳ ಪಾಠವೆಂದರೆ ನನಗೆ ಹಬ್ಬ. ಬೋರ್ಡಿನ ತುಂಬ ವಂಶವೃಕ್ಷ ಬರೆದು, ಇಂಗ್ಲೆಂಡು ಫ್ರಾನ್ಸುಗಳ ನೂರು ವರ್ಷದ ಯುದ್ಧವೂ ಕೊನೆಗೆ ಬೀಗರ ಜಗಳವೇ ಕಣ್ರಪ್ಪಾ ಎಂದು ಹುಡುಗರನ್ನು ನಗಿಸುತ್ತಿದ್ದೆ. ನಾರ್ಮಂಡಿಯ ದೊರೆಯ ಕಥೆ ಬಂದಾಗ ಮಾತ್ರ ಗಂಭೀರನಾಗುತ್ತಿದ್ದೆ. ಮದುವೆಯಿಲ್ಲದೆ ಹುಟ್ಟಿದ ಮಗನನ್ನು ಆ ದೊರೆ ಸಾಮಂತರ ಮುಂದೆ ನಿಲ್ಲಿಸಿ, ಇವನೇ ನನ್ನ ವಾರಸುದಾರ ಎಂದು ಒಪ್ಪಿಸಿದ. ಆ ಮಗನೇ ಮುಂದೆ ಇಂಗ್ಲೆಂಡ್ ಗೆದ್ದ. ನಮ್ಮವರೆಂದು ಒಪ್ಪಿಕೊಳ್ಳಲು ಎದೆ ಬೇಕು ಎಂದು ಭಾಷಣ ಬಿಗಿಯುತ್ತಿದ್ದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಆ ವರ್ಷ ನಿನ್ನ ಮಗಳು ರತ್ನಳಿಗೆ ಚನ್ನಗಿರಿ ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. ತಾಯಿಯ ತವರು ಯಾವುದೆಂದು ಅವರು ಕೇಳಿದ್ದರಂತೆ. ನೀನು ಗೋವಿನಕೋವಿಗೆ, ನಮ್ಮ ಮನೆಗೆ ಬಂದೆ.

"ಹೊಲ ಕೇಳಾಕೆ ಬಂದಿಲ್ಲ ತಮ್ಮಾ. ಹೆಳವಪ್ಪ ಬಂದಾಗ ನಿಮ್ಮನಿ ಮುಂದೆ ನನ್ನ ಹೆಸ್ರು ಓದಿದ್ರೆ ಸಾಕು," ಅಂದೆ. ನಾನು ಹೂಂ ಎಂದು ಒಪ್ಪಿಕೊಂಡೆ.

ಮನೆತನಗಳ ತಲೆಮಾರುಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಊರೂರು ತಿರುಗುವ ಹೆಳವಪ್ಪ ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದ. ಅವನು ಓದಿದ್ದೇ ನಮ್ಮ ಕಡೆ ಸಾಕ್ಷಿ. ಜಗಲಿಯ ಮೇಲೆ ಗಂಡಿನ ಕಡೆಯ ಹಿರಿಯರು, ನನ್ನ ಹೆಂಡತಿಯ ಅಣ್ಣಂದಿರು. ಬಾಗಿಲ ಪಕ್ಕ ಸೆರಗು ಹೊದ್ದು ನೀನು. ಹೆಳವಪ್ಪ ಅಪ್ಪನ ಹೆಸರಿಗೆ ಬಂದು, ಮೊದಲು ಬಿಳಿಚೋಡಿನ ಉಡಿಕೆ ಎಂದು ರಾಗ ಎಳೆಯುತ್ತಿದ್ದಂತೆ ನನ್ನ ಹೆಂಡತಿಯ ದೊಡ್ಡಣ್ಣ ನನ್ನ ಕಡೆ ತಿರುಗಿ ನೋಡಿದ. ಅಷ್ಟೇ. ಉಡಿಕೆ ಎಂಬ ಮಾತು ಅವನ ಕಿವಿಗೆ ಬಿತ್ತಲ್ಲ ಎಂದು ನನಗೆ ನಾಚಿಕೆಯಾಯಿತು.

"ಅದು ನಮ್ಮನಿದಲ್ಲ. ಬ್ಯಾರೆ ಯಾರದೋ ಸೇರೈತೆ. ಮುಂದಕ್ಕೆ ಓದ್ರಿ," ಅಂದೆ.

ಹೆಳವಪ್ಪ ನನ್ನ ಮುಖ ನೋಡಿ ಹಾಳೆ ತಿರುವಿದ. ಗಂಡಿನ ಕಡೆಯವರು ಚಾ ಕುಡಿದು ಎದ್ದು ಹೋದರು. ನೀನು ಸೆರಗು ಎಳೆದುಕೊಂಡು ಜಗಲಿ ಇಳಿದು ಹೋದೆ — ಬೈದಿದ್ದರೆ, ಬಹುಶಃ... ಆ ಸಂಬಂಧ ಮುರಿಯಿತು. ರತ್ನಳಿಗೆ ಆಮೇಲೆ ಮದುವೆಯೇ ಆಗಲಿಲ್ಲವೆಂದು ಕೇಳಿದೆ. ಕೇಳಿಯೂ ಬಿಳಿಚೋಡಿನ ಕಡೆ ತಲೆ ಹಾಕಲಿಲ್ಲ. ಪ್ರತಿ ವರ್ಷ ನಾರ್ಮಂಡಿಯ ಪಾಠ ಮಾಡುತ್ತಲೇ ಇದ್ದೆ.

ಇಪ್ಪತ್ತೆರಡು ವರ್ಷವಾಯಿತು. ಮೊನ್ನೆ ಹೆಳವಪ್ಪನ ಮಗ ಬಂದಿದ್ದ. ಅವನ ಪುಸ್ತಕದಲ್ಲಿ ಆ ಹಾಳೆ ತೆರೆಸಿದೆ. ನಿನ್ನ ಹೆಸರು ಹಾಗೇ ಇದೆ ಗಂಗಕ್ಕ, ಅವರಪ್ಪ ಹೊಡೆದುಹಾಕಿರಲಿಲ್ಲ; ಕೆಳಗೆ ರತ್ನ, ಪಕ್ಕದಲ್ಲಿ ನಾನು. ನೆರೆಯವರನ್ನೆಲ್ಲ ಕರೆದು ಗಟ್ಟಿಯಾಗಿ ಓದಿಸಿದೆ. ಹೌದು, ಈಕೆ ನಮ್ಮಕ್ಕ ಎಂದೆ. ಕೇಳಬೇಕಾದವರು ಮಾತ್ರ ಅಲ್ಲಿರಲಿಲ್ಲ.

ಬರುವ ಸೋಮವಾರ ಹೆಳವಪ್ಪನ ಮಗನನ್ನು ಕರೆದುಕೊಂಡು ಬಿಳಿಚೋಡಿಗೆ ಬರುತ್ತೇನೆ. ನಿಮ್ಮ ಮನೆಯ ಮುಂದೆ ಓದಿಸುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಅದೂ ಸರಿಯೇ. ಇನ್ನು ಓದಿಸಿದರೆ ರತ್ನಳಿಗೆ ಏನು ಸಿಕ್ಕೀತು ಎಂದು ನೀನು ಕೇಳಿದರೆ — ಏನೂ ಇಲ್ಲವೆಂದು ಅವಳ ಮುಂದೆಯೇ ಒಪ್ಪಿಕೊಳ್ಳುತ್ತೇನೆ.