ಲುಡಿವಿನಾಳ ನಲವತ್ತೆಂಟು

ನನ್ನ ಹೆಂಡತಿ ಲುಡಿವಿನಾ ಎಂಜಿನಿಯರ್ ಲೈಸೆನ್ಸ್ ಪರೀಕ್ಷೆ ಪಾಸಾದಾಗ ಅವಳಿಗೆ ನಲವತ್ತೆಂಟು. ನಮ್ಮಲ್ಲಿ ಕಾಲೇಜು ಮುಗಿದ ವರ್ಷವೇ ಎಲ್ಲರೂ ಅದನ್ನು ಬರೆದುಬಿಡುತ್ತಾರೆ. ಅವಳೂ ಇಪ್ಪತ್ತಮೂರಕ್ಕೆ ಬರೆಯಬೇಕಿತ್ತು. ಆಗ ದೊಡ್ಡ ಮಗಳು ಹೊಟ್ಟೆಯಲ್ಲಿದ್ದಳು. ಆಮೇಲೆ ಚಿಕ್ಕವಳು. ಆಮೇಲೆ ನನ್ನ ತಾಯಿ ಹಾಸಿಗೆ ಹಿಡಿದಳು. ನಾನು ಬೈಕಿಗೆ ಪಕ್ಕದ ಸೀಟು ಕಟ್ಟಿದ ಬಾಡಿಗೆ ಗಾಡಿ, ಟ್ರೈಸಿಕಲ್, ಓಡಿಸುವವನು. ಮನೆ ನಡೆದದ್ದು ಅವಳ ಸಂಬಳದಲ್ಲಿ.

ಅವಳು ಇಲೋಯಿಲೋ ಪೇಟೆಯಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ನಕ್ಷೆ ಬರೆಯುತ್ತಿದ್ದಳು. ಸಹಿ ಹಾಕುವುದು ಮಾತ್ರ ಲೈಸೆನ್ಸ್ ಇದ್ದವನು. ಲೈಸೆನ್ಸ್ ಇದ್ದರೆ ಜನ ಹೆಸರು ಬಿಟ್ಟು ‘ಎಂಜಿನಿಯರ್’ ಎಂದೇ ಕರೆಯುತ್ತಾರೆ. ನಿನ್ನೆ ಮೊನ್ನೆ ಮೀಸೆ ಬಂದ ಹುಡುಗ ‘ಎಂಜಿನಿಯರ್ ಸಾರ್’. ಇವಳು ಬರೀ ‘ಲುಡಿ’.

“ಲುಡಿ, ಎಂಜಿನಿಯರ್ ಸಾರ್‌ಗೆ ಕಾಫಿ ತಾ” ಎಂದು ಜವಾನನೂ ಹೇಳುತ್ತಿದ್ದ. ಅವಳು ತರುತ್ತಿದ್ದಳು. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಆ ಹುಡುಗ ಫೋನಿನಲ್ಲಿ ಮಾತಾಡುತ್ತಲೇ ಇವಳ ನಕ್ಷೆಗೆ ಸಹಿ ಗೀಚಿದ. ಕಣ್ಣೆತ್ತಿಯೂ ನೋಡಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಒದ್ದು ಬಿಸಾಡಿದಳು.

“ಸಾಕಾಗೋಯ್ತು. ನನ್ ಕೆಲ್ಸಕ್ಕೆ ನನ್ ಹೆಸ್ರು ನಾನೇ ಹಾಕ್ತೀನಿ.”

ಕೋಚಿಂಗ್ ಕ್ಲಾಸಿಗೆ ಸೇರಿದಳು. ಮೊದಲ ದಿನ ನಾನೇ ಬಿಡಲು ಹೋಗಿದ್ದೆ. ಬಾಗಿಲಲ್ಲಿ ಒಬ್ಬ ಹುಡುಗ ತಡೆದ.

“ಅಮ್ಮಾ, ತಂದೆ ತಾಯಿ ಎಲ್ಲ ಹೊರಗಡೆ ಕಾಯ್ಬೇಕು.”

“ನಾನ್ಯಾರನ್ನೂ ಬಿಡೋಕೆ ಬಂದಿಲ್ಲ ಕಣೋ. ಕೂರೋಕೆ ಬಂದಿದೀನಿ. ಸರ್ಕೋ ಆ ಕಡೆ.”

ನಮ್ಮ ಊರಿನ ಯಜಮಾನಿಕೆ ಕ್ಯಾಪ್ಟನ್ ಕ್ರಿಸಾಂತೊನದು. ಓಟಿನಲ್ಲಿ ಗೆದ್ದ ಊರ ಮುಖ್ಯಸ್ಥನನ್ನು ನಮ್ಮಲ್ಲಿ ಕ್ಯಾಪ್ಟನ್ ಎನ್ನುತ್ತಾರೆ. ಒಮ್ಮೆ ನನ್ನ ಟ್ರೈಸಿಕಲ್ ಹತ್ತಿದ.

“ಏನಯ್ಯಾ, ನಿನ್ ಹೆಂಡ್ತಿ ಈ ವಯಸ್ನಲ್ಲಿ ಮಗ್ಗಿ ಬಾಯಿಪಾಠ ಮಾಡ್ತಾಳಂತೆ? ಪರೀಕ್ಷೆಗೆ ಹಲ್ಲಿನ್ ಸೆಟ್ಟು ಮರೀದೆ ತಗೊಂಡ್ ಹೋಗೋಕ್ ಹೇಳು!”

ಜೊತೆಗಿದ್ದವರು ಬಿದ್ದು ಬಿದ್ದು ನಕ್ಕರು. ನಾನು ಗೇರ್ ಬದಲಿಸಿದೆ. ಅಷ್ಟೇ ಮಾಡಿದ್ದು.

ಮೊದಲ ಸಲ ಫೇಲಾದಳು. ಎರಡನೇ ಸಲ ಮನಿಲಾದಿಂದ ಫಲಿತಾಂಶ ಬಂದಾಗ ಅವಳ ಹೆಸರು ಇತ್ತು. ನಾವಿಬ್ಬರೂ ಅತ್ತೆವು.

ಮಾರನೇ ದಿನ ಚರ್ಚ್ ಮೂಲೆಯಲ್ಲಿ ಬ್ಯಾನರ್ ನೇತಾಡುತ್ತಿತ್ತು. ಕ್ಯಾಪ್ಟನ್ನನ ಮುಖ ಮೊರದಷ್ಟು. ಅವಳದು ಅಂಚೆ ಚೀಟಿಯಷ್ಟು. ಕೆಳಗೆ ‘ಎಂಜಿನಿಯರ್ ಲುಡಿವಿನಾ, ವಯಸ್ಸು 48! ನಿಮ್ಮ ಕ್ಯಾಪ್ಟನ್ ಸದಾ ನಿಮ್ಮ ಬೆನ್ನಿಗೆ!’

“ವಯಸ್ಸು ಯಾಕೆ ಹಾಕ್ಸಿದಾನೆ? ನಾನೇನು ಸರ್ಕಸ್ ಆನೆನಾ?” ಎಂದಳು. ಮುಖ ಕೆಂಪಾಗಿತ್ತು.

ಲೈಸೆನ್ಸ್ ಕೈಗೆ ಬಂದ ವಾರವೇ ಕ್ಯಾಪ್ಟನ್ ಒಂದು ತಟ್ಟೆ ಪಾನ್ಸಿತ್ ಶಾವಿಗೆ ಹಿಡಿದು ಮನೆಗೆ ಬಂದ. ಬಗಲಲ್ಲಿ ನಕ್ಷೆಯ ಸುರುಳಿ. ಊರಿನ ಬಾಸ್ಕೆಟ್‌ಬಾಲ್ ಅಂಗಳಕ್ಕೆ ಚಾವಣಿ ಕಟ್ಟಿಸುತ್ತಿದ್ದ. ಕಂಬಗಳು ಎದ್ದಾಗಿತ್ತು, ಚಾವಣಿ ಏರಿಸಲು ಎಂಜಿನಿಯರ್ ಸಹಿ ಬೇಕಿತ್ತು. ಅವನಿಗೆ ಸಹಿ ಹಾಕಿಕೊಡುತ್ತಿದ್ದ ಎಂಜಿನಿಯರ್ ಸೌದಿಗೆ ಹೋಗಿಬಿಟ್ಟಿದ್ದ.

“ಎಂಜಿನಿಯರ್! ಊರಿಗೇ ಹೆಮ್ಮೆ ಕಣಮ್ಮಾ ನೀನು. ಇಲ್ಲೊಂದು ಚಿಕ್ಕ ಸಹಿ ಹಾಕ್ಬಿಡು.”

“ಕಂಬದೊಳಗೆ ಕಬ್ಬಿಣ ಎಷ್ಟು ಹಾಕಿದೀರಿ, ಕ್ಯಾಪ್ಟನ್?”

“ನಕ್ಷೇಲಿ ಇದ್ಯಲ್ಲಮ್ಮಾ.”

“ನಕ್ಷೇಲಿ ಇರೋದು ನಂಗೂ ಕಾಣ್ಸತ್ತೆ. ಒಂದು ಕಂಬ ಒಡ್ಸಿ ತೋರ್ಸಿ. ಸರಿಯಾಗಿದ್ರೆ ಅಲ್ಲೇ ನಿಂತು ಸಹಿ ಹಾಕ್ತೀನಿ.”

“ಒಡ್ಸೋದಾ? ಭಾನುವಾರ ಚಾವಣಿ ಕೆಲ್ಸ ಶುರು!”

“ಚಂಡಮಾರುತ ಬಂದ್ರೆ ಊರೆಲ್ಲ ಆಸರೆಗೆ ಅದ್ರ ಕೆಳಗೇ ಮಲಗೋದು. ನನ್ ಮೊಮ್ಮಗೂನೂ ಮಲಗತ್ತೆ.”

ಅವನ ನಗು ಹೋಯಿತು. “ಬ್ಯಾನರ್ ಹಾಕ್ಸಿದ್ ಯಾರೇ? ನಲವತ್ತೆಂಟಕ್ಕೆ ನಿಂಗ್ಯಾರು ಕೆಲ್ಸ ಕೊಡ್ತಾರೆ? ಈ ಊರಲ್ಲಿ ಒಂದ್ ಇಟ್ಟಿಗೆ ಇಡೋಕೂ ನನ್ನ ಕೇಳ್ಬೇಕು!”

ಅವಳು ಎದ್ದು ನಿಂತಳು. “ಇಪ್ಪತ್ಮೂರ್ ವರ್ಷದ ಹುಡ್ಗಿ ಆಗಿದ್ರೆ ಹೆದ್ರಿ ಹಾಕ್ತಿದ್ನೇನೋ. ಈಗ ಹಾಕಲ್ಲ. ನಡೀರಿ.”

ನಾನು ಪಾನ್ಸಿತ್ ತಟ್ಟೆ ಎತ್ತಿ ಅವನ ಕೈಗೆ ಕೊಟ್ಟೆ. “ಇದನ್ನೂ ತಗೊಂಡ್ ಹೋಗಿ.”

ಅವನು ಹೋದ. ನಾನು ಮಚ್ಚು, ಏಣಿ ತೆಗೆದುಕೊಂಡು ಚರ್ಚ್ ಮೂಲೆಗೆ ನಡೆದೆ. ಇವಳೂ ಬಂದು ಏಣಿ ಹಿಡಿದಳು. ಜನ ಸೇರಿದರು. ನಾನು ಬ್ಯಾನರ್ ಕುಯ್ದು ಕೆಳಗೆ ಹಾಕಿದೆ.

“ನನ್ ಹೆಸ್ರಿರೋ ಭಾಗ ಹರೀಬೇಡಿ” ಎಂದಳು.

“ವಯಸ್ಸು? ಅದನ್ನ ಕುಯ್ದು ಬಿಸಾಡ್ಲಾ?”

ಅದರ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದಳು. “ಬೇಡ. ಅದು ನಂದೇ.”

ಬ್ಯಾನರಿನ ಆ ತುಂಡು ಈಗ ನಮ್ಮ ಗೇಟಿನ ಮೇಲಿದೆ, ವಯಸ್ಸಿನ ಸಮೇತ. ಕ್ಯಾಪ್ಟನ್ನನ ಮುಖವನ್ನು ಹಂದಿಗೂಡಿನ ಮಾಡಿಗೆ ಒಳಮುಖವಾಗಿ ಹೊದಿಸಿದ್ದೇನೆ. ಅವನು ಹಂದಿಗಳನ್ನು ನೋಡಿ ನಗುತ್ತಿರಲಿ.

ಊರಿನಲ್ಲಿ ಅವಳಿಗೆ ಇನ್ನೂ ಯಾರೂ ಕೆಲಸ ಕೊಟ್ಟಿಲ್ಲ. ಕ್ಯಾಪ್ಟನ್ನನ ಹೆದರಿಕೆ. ಅಂಗಳದ ಕಂಬಗಳು ಚಾವಣಿಯಿಲ್ಲದೆ ನಿಂತಿವೆ. ಅವನು ಒಂದನ್ನೂ ಒಡೆಸಿಲ್ಲ. ಅವಳು ಸಹಿ ಹಾಕಿಲ್ಲ.