ಕುಬಸದ ಬುತ್ತಿಗೆ ನನ್ನ ಕೈಯ ರೊಟ್ಟಿ

ಅಕ್ಕಲಕೋಟದ ನನ್ನ ಮೊಮ್ಮಕ್ಕಳೇ, ನೀವು ಕಲಿತದ್ದು ಮರಾಠಿ ಶಾಲೆಯಲ್ಲಿ. ಅಕ್ಷರ ಕೂಡಿಸಿ ಕೂಡಿಸಿಯಾದರೂ ಇದನ್ನು ಓದಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ನಿಮ್ಮಲ್ಲಿ ಹಿರಿಯವಳು ಇನ್ನೂ ನಿಮ್ಮವ್ವನ ಹೊಟ್ಟೆಯಲ್ಲಿದ್ದಾಗಿನ ಮಾತಿದು.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನನಗೆ ಐವತ್ತೈದು ದಾಟಿತ್ತು. ಕುಂಭಾರಿಯ ಹೊಲದಿಂದ ಶೇಂಗಾ ತುಂಬಿದ ಗಾಡಿಯಲ್ಲಿ ಬಂದು ಮನೆಯ ಮುಂದೆ ಇಳಿಯುವಾಗ ಸೆರಗು ಗಾಡಿಯ ಗೂಟಕ್ಕೆ ಸಿಕ್ಕಿತು. ಬಲಮೊಣಕೈ ಊರಿ ಬಿದ್ದೆ. ಸೊಲ್ಲಾಪುರದ ದವಾಖಾನೆಯಲ್ಲಿ ಎಲುಬು ಮುರಿದಿದೆ ಎಂದು ಪ್ಲಾಸ್ಟರ್ ಹಾಕಿದರು.

ಅದನ್ನು ಬಿಚ್ಚಿದ ಮೇಲೆಯೇ ನಿಜವಾದ ಸಂಕಟ. ತೋಳು ಸೊರಗಿತ್ತು. ಮೊಣಕೈ ಪೂರ್ತಿ ಮಡಚದು, ಪೂರ್ತಿ ಚಾಚದು. ತುತ್ತು ಬಾಯಿಗೆ ಮುಟ್ಟುವ ಮೊದಲೇ ಕೈ ನಿಂತುಬಿಡುತ್ತಿತ್ತು. ಸೊಸೆ, ಅಂದರೆ ನಿಮ್ಮ ಸೋದರಮಾವನ ಹೆಂಡತಿ, ಕಾಳಜಿಯಿಂದ ಹಳೆ ಸೀರೆ ಹರಿದು ಕೈಯನ್ನು ಜೋಳಿಗೆಯಂತೆ ಕೊರಳಿಗೆ ಕಟ್ಟಿದಳು. ನನ್ನ ಮೈದುನನ ಹೆಂಡತಿ ಇನ್ನೂ ಮುಂದೆ ಹೋದಳು. "ಭಾರ ಬಿದ್ರ ತಾನ ನೆಟ್ಟಗಾಗತದ, ಸುಮ್ನಿರು ಯಕ್ಕಾ" ಎಂದು ಕೈಯನ್ನು ಜೋಳಿಗೆಯಿಂದ ಹೊರತೆಗೆದು, ನೀರು ತುಂಬಿದ ತಾಮ್ರದ ಚರಿಗೆಯನ್ನು ಮುಂಗೈಗೆ ತೂಗುಹಾಕಿದಳು. ಸಂಜೆಯೊಳಗೆ ಮೊಣಕೈ ಬದನೆಕಾಯಿಯಂತೆ ಬಾತಿತು.

ಅದೇ ಹೊತ್ತಿಗೆ ನನ್ನ ಮಗಳ, ಅಂದರೆ ನಿಮ್ಮವ್ವನ, ಕುಬಸದ ದಿನ ನಿಶ್ಚಯವಾಯಿತು. ಬಸುರಿಗೆ ಮಾಡುವ ಆ ಕಾರ್ಯದಲ್ಲಿ ಮುತ್ತೈದೆಯರು ಉಡಿ ತುಂಬುತ್ತಾರೆ, ಆರತಿ ಎತ್ತುತ್ತಾರೆ. ಗಂಡನಿಲ್ಲದ ನನಗೆ ಅದರಲ್ಲಿ ಪಾಲಿರಲಿಲ್ಲ. ತವರಿನಿಂದ ಹೋಗುವ ಬುತ್ತಿಯ ರೊಟ್ಟಿ ಮಾತ್ರ ನನ್ನ ಕೈಯದಾಗಬಹುದಿತ್ತು. ಈಗ ಅದೂ ತಪ್ಪುವಂತಿತ್ತು.

"ಬುತ್ತಿ ರೊಟ್ಟಿ ನಾ ಬಡೀತೀನ್ರಿ ಅತ್ತಿ, ನೀವು ಕುಂಡ್ರಿ" ಎಂದಳು ಸೊಸೆ. ಅವಳ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ ಆಗುತ್ತಿತ್ತು. ಆದರೂ ನನ್ನ ಮನಸ್ಸು ಒಪ್ಪಲಿಲ್ಲ.

ಬಾವು ತೋರಿಸಲು ಎಸ್‌ಟಿ ಬಸ್ಸು ಹಿಡಿದು ಮತ್ತೆ ದವಾಖಾನೆಗೆ ಹೋದೆವು. ಡಾಕ್ಟರರು ಜೋಳಿಗೆ ಬಿಚ್ಚಿ ಬದಿಗಿಟ್ಟರು. "ಹಿಂಗ ಕಟ್ಟಿ ಇಟ್ಟರ ಕೈ ಕಟಗಿ ಆಗತದ, ಅವ್ವಾರ. ಯಾರೂ ಜಗ್ಗಬಾರದು, ಭಾರ ಕಟ್ಟಬಾರದು. ನಿಮ್ಮ ಕೈ ನೀವೇ ಮಡಚರಿ, ನೀವೇ ಚಾಚರಿ. ಭಾಳ ನೋವಾದ್ರ ನಿಲ್ಲಸರಿ."

ಬಾಗಿಲವರೆಗೆ ಹೋದವಳು ಧೈರ್ಯ ಮಾಡಿ ತಿರುಗಿದೆ. "ರೊಟ್ಟಿ ಬಡೀಬಹುದೇನ್ರಿ?"

ಅವರು ನಕ್ಕರು. "ಮೊದಲ ಹಿಟ್ಟು ನಾದರಿ. ಬಡಿಯೂದು ಆಮ್ಯಾಲ."

ಬಾವು ಇಳಿದ ಮೇಲೆ ಶುರು ಮಾಡಿದೆ. ನಮ್ಮ ರೊಟ್ಟಿಯ ಹಿಟ್ಟನ್ನು ಕುದಿನೀರು ಹಾಕಿ ಕಲಸುತ್ತೇವಲ್ಲ, ಆ ಬೆಚ್ಚಗಿನ ಹಿಟ್ಟಿನಲ್ಲಿ ಕೈಯಿಟ್ಟರೆ ನೋವು ಸ್ವಲ್ಪ ಸಡಿಲಾಗುತ್ತಿತ್ತು. ಮೊದಲು ಒಂದೇ ಮುಷ್ಟಿ ಹಿಟ್ಟು. ಮುಂದಕ್ಕೆ ಒತ್ತುವಾಗ ಮೊಣಕೈ ಚಾಚುತ್ತಿತ್ತು, ಹಿಂದಕ್ಕೆ ಎಳೆಯುವಾಗ ಮಡಚುತ್ತಿತ್ತು. ಒದ್ದೆ ಅರಿವೆ ಹಿಂಡಿ ಹಿಂಡಿ ಮುಂಗೈ ತಿರುಗಿಸುವುದನ್ನು ಕಲಿತೆ. ಕೆಲವು ದಿನ ಏನೂ ಸುಧಾರಿಸಲಿಲ್ಲ. ಬಚ್ಚಲಿಗೆ ಹೋಗಿ ಅತ್ತು ಬಂದೆ. ಆಮೇಲೆ ಒಂದು ಮುಂಜಾನೆ ತುತ್ತು ನೇರ ಬಾಯಿಗೆ ಹೋಯಿತು. ಯಾರಿಗೂ ಹೇಳದೆ ಇನ್ನೊಂದು ತುತ್ತು ಎತ್ತಿ ನೋಡಿದೆ.

ಮೊದಲ ರೊಟ್ಟಿ ಬಡಿದಾಗ ಮೈದುನನ ಹೆಂಡತಿ ಎದುರಿಗೇ ಇದ್ದಳು.

"ಯಕ್ಕಾ, ರೊಟ್ಟಿ ಬಡದಿಯೋ, ಮಹಾರಾಷ್ಟ್ರದ ನಕಾಶಾ ತಗದಿಯೋ?"

"ಮೊದಲ ತಿನ್ನು. ಸೊಲ್ಲಾಪುರದ ಕಡಿಂದ ಮುರಿ" ಎಂದೆ. ನಾನು ಹಾಗೆ ಉತ್ತರ ಕೊಟ್ಟದ್ದು ಕೇಳಿ ಸೊಸೆ ಬೆರಗಾದಳು.

ಕುಬಸಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದೆ, ಸುಸ್ತಾದಾಗ ನಿಲ್ಲಿಸಿ, ಮತ್ತೆ ಶುರು ಮಾಡಿ. ಸೊಸೆ ಬೇಯಿಸಿದಳು. ಕೈ ಪೂರ್ತಿ ಚಾಚದ ಕಾರಣ ಪ್ರತಿ ರೊಟ್ಟಿಯ ಒಂದು ಅಂಚು ದಪ್ಪ ಉಳಿಯಿತು.

ಅಕ್ಕಲಕೋಟದಲ್ಲಿ ಆರತಿ ಮುಗಿಯುವ ತನಕ ನಾನು ಅಡಿಗೆ ಮನೆಯ ಬಾಗಿಲ ಹಿಂದೆ ನಿಂತಿದ್ದೆ. ಬುತ್ತಿ ಬಿಚ್ಚಿದ ನಿಮ್ಮ ಅಪ್ಪನ ತಾಯಿ ಒಂದು ರೊಟ್ಟಿ ಎತ್ತಿ ನೋಡಿದರು.

"ಬೀಗತಿ, ಒಂದ ಕಡಿ ದಪ್ಪ ಅದಾವಲ್ಲ?"

ನಿಮ್ಮವ್ವ ಅದನ್ನು ಅವರ ಕೈಯಿಂದ ಇಸಿದುಕೊಂಡಳು. "ಅದು ನಮ್ಮವ್ವನ ಕೈದರಿ. ಆ ಕಡಿ ನನಗ ಬೇಕು."

ಬೀಗತಿ ಬಾಗಿಲ ಕಡೆ ನೋಡಿ, "ಹಂಗಾದ್ರ ನೀವೇ ತಾಟಿಗೆ ಬಡಸರಿ, ಬರ್ರಿ" ಎಂದರು. ಅಷ್ಟು ಹೆಂಗಸರ ನಡುವೆ ನಡೆದು ಹೋಗಿ, ಬಲಗೈ ಚಾಚಿ ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮೊಣಕೈ ಇಂದಿಗೂ ಚೂರು ಬಾಗಿಯೇ ಇದೆ. ಇದನ್ನು ಬರೆದದ್ದೂ ಅದೇ ಕೈ. ಈ ಹಾಳೆಗಳನ್ನು ಅಡಿಗೆ ಮನೆಯಲ್ಲಿ ಇಡಬೇಡಿ, ಎಣ್ಣೆ ತಾಗುತ್ತದೆ. ನಿಮ್ಮವ್ವನ ಟ್ರಂಕಿನಲ್ಲಿ, ಕುಬಸದ ಹಸಿರು ಸೀರೆಯ ಮಡಿಕೆಯೊಳಗೆ ಜೋಪಾನ ಮಾಡಿ.