ಬಾಲ ಊರಿ ಕುಳಿತ ವಿಮಾನ

ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿ ಮೂವತ್ನಾಲ್ಕು ವರ್ಷ ಡಂಪರ್ ರಿಪೇರಿ ಮಾಡಿದ ಉಚ್ಚೆಂಗೆಪ್ಪನ ಕೆಲಸವನ್ನು ಮೆಚ್ಚದ ಸಾಹೇಬರಿರಲಿಲ್ಲ. ಮೆಚ್ಚದವರು ಇಡೀ ಸೀಮೆಗೆ ಒಬ್ಬರೇ ಇದ್ದರು. ಅವರನ್ನೇ ಅವನು ಮದುವೆಯಾಗಿದ್ದ.

ತಿಪ್ಪಕ್ಕ ಕೆಟ್ಟವಳಲ್ಲ, ಹೊಗಳಿಕೆಯಲ್ಲಿ ಮಾತ್ರ ಕೈ ಬಿಗಿ. ಮದುವೆಯಾದ ವರ್ಷ ಉಚ್ಚೆಂಗೆಪ್ಪ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಲ್ಲಿ ಅವಳಿಗೊಂದು ತುರಿಮಣೆ ಮಾಡಿಕೊಟ್ಟ. ಹನ್ನೊಂದು ಕಿಲೋ ತೂಗುತ್ತಿತ್ತು. ಅವಳು ಎತ್ತಲು ನೋಡಿ, ಆಗದೆ, "ಇರ್ಲಿ ಬಿಡ್ರಿ" ಎಂದಳು. ಆಮೇಲೆ ಮಗಳಿಗೆ ಕಬ್ಬಿಣದ ತೊಟ್ಟಿಲು ಮಾಡಿದ. ಕಸ ಗುಡಿಸುವಾಗ ಅದನ್ನು ಸರಿಸಲು ಅಕ್ಕಪಕ್ಕದ ಕ್ವಾರ್ಟರ್ಸಿನ ಗಂಡಸರನ್ನು ಕರೆಯಬೇಕಿತ್ತು. "ಇರ್ಲಿ ಬಿಡ್ರಿ." ನಿವೃತ್ತನಾಗಿ ಹೊಸಪೇಟೆಯಲ್ಲಿ ಕಾಲುವೆ ಪಕ್ಕ ಮನೆ ಕಟ್ಟಿಸಿ, ಗೃಹಪ್ರವೇಶದ ದಿನ ಹೆಂಡತಿಯ ಮುಖ ನೋಡಿದರೆ, ಅದೇ ಮಾತು. ಈಕೆಯ ಬಾಯಿಂದ ಒಂದೇ ಒಂದು ಸಲ "ಚಂದ ಐತಿ" ಅನ್ನಿಸಿಕೊಳ್ಳಬೇಕೆಂಬುದು ಅವನ ಆಸೆ. ಆಸೆ ಅಂದರೆ ಸಣ್ಣ ಮಾತಾಯಿತು, ಅದು ಹಟ.

ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಬೇಕಲ್ಲ? ಮಿಕ್ಸಿ ಮೂರು ಸಲ ಬಿಚ್ಚಿದ. ನಾಲ್ಕನೇ ಸಲ ಚಟ್ನಿ ರುಬ್ಬುವ ಹೊತ್ತಿಗೇ ಬಿಚ್ಚಿದ್ದರಿಂದ ತಿಪ್ಪಕ್ಕ ಸಂಡೂರಿನಲ್ಲಿ ನರ್ಸ್ ಆಗಿರುವ ಮಗಳು ಪಂಪಾವತಿಗೆ ಫೋನು ಮಾಡಿ ದೂರು ಕೊಟ್ಟಳು. ವಾರದೊಳಗೆ ಒಂದು ದೊಡ್ಡ ಡಬ್ಬಿ ಬಂತು. ಒಳಗೆ ಪ್ಲಾಸ್ಟಿಕ್ಕಿನ ಯುದ್ಧವಿಮಾನ, ಮುನ್ನೂರ ಹನ್ನೆರಡು ತುಂಡುಗಳಲ್ಲಿ. ಅಂಟಿಸಿ, ಬಣ್ಣ ಬಳಿದು ನಿಲ್ಲಿಸಿದರೆ ಮುಕ್ಕಾಲು ಮೊಳ ಉದ್ದ. ಒಬ್ಬರ ಹಿಂದೆ ಒಬ್ಬರು ಕುಳಿತು ಇಬ್ಬರು ಓಡಿಸುವ ಜೆಟ್ಟು.

"ಅಪ್ಪಾ, ಇದು ಭಾಳ ಕಷ್ಟದ್ದಂತ. ಹೊಸಬರಿಗೆ ಬ್ಯಾಡಂತ ಡಬ್ಬಿ ಮ್ಯಾಲೇ ಬರದೈತಿ" ಎಂದಳು ಪಂಪಾವತಿ.

"ಹೊಸಬರು ಯಾರವ್ವ ಇಲ್ಲೆ? ಎಂಬತ್ತೈದು ಟನ್ನಿನ ಡಂಪರ್ ಇಳಿಸೀನಿ, ಏರಿಸೀನಿ. ಇದೇನು, ಗುಬ್ಬಿ!"

ಆಯುಧ ಪೂಜೆಗೆ ಎರಡು ತಿಂಗಳಿತ್ತು. ಅಷ್ಟರೊಳಗೆ ಮುಗಿಸಬೇಕು, ಸ್ಕೂಟರಿನ ಪಕ್ಕ ಇದಕ್ಕೂ ಪೂಜೆಯಾಗಬೇಕು, ಆರತಿ ಎತ್ತುವಾಗ ತಿಪ್ಪಕ್ಕ ಆ ಎರಡು ಶಬ್ದ ಆಡಬೇಕು ಎಂದು ಉಚ್ಚೆಂಗೆಪ್ಪ ಮನಸ್ಸಿನಲ್ಲೇ ಮುಹೂರ್ತ ಇಟ್ಟ.

ಗುಬ್ಬಿ ಮೊದಲ ದಿನವೇ ಅವನ ಗರ್ವ ಇಳಿಸಿತು. ಕೈಯಷ್ಟು ದಪ್ಪದ ಬೋಲ್ಟು ತಿರುವಿದ ಬೆರಳಿಗೆ ಎಳ್ಳಿನಷ್ಟು ತುಂಡು ಹಿಡಿತಕ್ಕೆ ಸಿಗುವುದೇ ಇಲ್ಲ. ತಿಪ್ಪಕ್ಕನ ಮುಳ್ಳು ತೆಗೆಯುವ ಚಿಮಟ ಎತ್ತಿಕೊಂಡ. ಚಿಮಟದಿಂದ ಚಿಮ್ಮಿದ ತುಂಡು ಹುಡುಕಲು ಮಂಚದ ಕೆಳಗೆ ಹೊಕ್ಕ, ಹೊರಬರಲಾರದೆ ಕೂಗಿದ. ಮಂಚ ಅವನೇ ಮಾಡಿದ್ದು, ಎತ್ತುವವರಿರಲಿಲ್ಲ. ಕೊನೆಗೆ ತಿಪ್ಪಕ್ಕ ಕಾಲು ಹಿಡಿದು ಎಳೆದಳು. ತುಂಡು ಸಿಕ್ಕಿದ್ದು ಮಾರನೇ ದಿನ, ಅವಳ ಮೊರದಲ್ಲಿ. "ಅಕ್ಕಿಯಾಗಿನ ಕಲ್ಲಂತ ಒಗೀತಿದ್ದೆ. ಕಲ್ಲಿಗೆ ಕಿಟಕಿ ಯಾಕೈತಿ ಅಂತ ನೋಡ್ದೆ" ಎಂದು ತಂದಿಟ್ಟಳು.

ಬಣ್ಣದ ಕಥೆ ಬೇರೆ. ಬೂದು ಬಣ್ಣ ಬಳಿದು ಮಾಳಿಗೆಯ ಮೇಲೆ ಒಣಗಲಿಟ್ಟ. ಸಂಜೆಗೆ ನೋಡಿದರೆ ಅದಿರು ಲಾರಿಗಳ ಧೂಳು ಕೂತು ವಿಮಾನ ಗಣಿಯಿಂದಲೇ ಎದ್ದು ಬಂದಂತಿತ್ತು. ಉಜ್ಜಿ ತೆಗೆದು ಮತ್ತೆ ಬಳಿದ, ಮತ್ತೆ ಧೂಳು. ಮೂರನೇ ಸಲಕ್ಕೆ ಮನೆಯಲ್ಲಿ ಧೂಳು ಬಾರದ ಒಂದೇ ಜಾಗವಾದ ದೇವರ ಮನೆಯಲ್ಲಿ ಇಟ್ಟು ಬಾಗಿಲು ಹಾಕಿದ.

"ಏನ್ರಿ ಇದು? ದೇವ್ರಿಗೆ ಊದಿನಕಡ್ಡಿ ಹಚ್ಚಿದ್ರ ಥಿನ್ನರ್ ವಾಸ್ನಿ ಬರ್ತೈತಿ!"

"ಎಂಟು ದಿನ ತಡಕೊ. ದೇವ್ರೇನು ತಕರಾರು ಮಾಡ್ಯಾನೇನು?"

ಇಷ್ಟಾದರೂ ವಿಮಾನ ದಿನದಿಂದ ದಿನಕ್ಕೆ ವಿಮಾನದಂತೆ ಕಾಣತೊಡಗಿತು. ಉಚ್ಚೆಂಗೆಪ್ಪನ ನಿಜವಾದ ತಪ್ಪು ಆಗಿದ್ದು ಬಣ್ಣಕ್ಕೆ ಮೊದಲೇ, ಅದೂ ಪೂರ್ಣ ಆತ್ಮವಿಶ್ವಾಸದಿಂದ. ಡಬ್ಬಿಯಲ್ಲಿ ಕೊಟ್ಟಿದ್ದ ಹಾಳೆಯಲ್ಲಿ ಎಲ್ಲ ಚಿತ್ರಗಳೇ. ಆರನೇ ಚಿತ್ರದಲ್ಲಿ ವಿಮಾನದ ಮೂತಿಯೊಳಗೆ ಒಂದು ಗುಂಡು, ಪಕ್ಕದಲ್ಲಿ ಮೂವತ್ತು ಗ್ರಾಂ ಎಂದಿತ್ತು. ಮೂತಿಯಲ್ಲಿ ಭಾರವೇ? ಅವನಿಗೆ ನಗು ಬಂತು. ಭಾರ ಹಿಂದಿನ ಗಾಲಿಯ ಮೇಲೆ ಕೂತರೇ ಗಾಡಿ ಹಿಡಿತದಲ್ಲಿರುತ್ತದೆ ಎಂಬುದು ಡಂಪರ್ ಕಂಡ ಯಾರಿಗೂ ಗೊತ್ತು. ಪಾಪ, ಚಿತ್ರ ಬರೆದವನು ಗಣಿ ನೋಡಿರಲಿಕ್ಕಿಲ್ಲ. ಇನ್ನು ಮೂವತ್ತು ಗ್ರಾಂ! ಜೀವಮಾನವೆಲ್ಲ ಟನ್ನಿನ ಲೆಕ್ಕದಲ್ಲಿದ್ದವನಿಗೆ ಗ್ರಾಂ ಎಂದರೆ ಅಚ್ಚಿನ ತಪ್ಪಿನಂತೆ ಕಂಡಿತು. ನೆನಪಿಗೆಂದು ತಂದಿಟ್ಟಿದ್ದ ದೋಣಿಮಲೈ ಅದಿರಿನ ಉಂಡೆಯನ್ನು ಕುಟ್ಟಿ, ಒಂದು ಹಿಡಿ ಚೂರನ್ನು ಬಾಲದಲ್ಲಿ ತುಂಬಿ, ಅಂಟು ಸುರಿದು ಗಟ್ಟಿಯಾಗಿ ಮುಚ್ಚಿಬಿಟ್ಟ. ಹುಟ್ಟುಗುಣ ಸುಟ್ಟರೂ ಹೋಗದು.

ಗಾಲಿ ಅಂಟಿಸುವುದು ಕೊನೆಯ ಕೆಲಸ. ಆಯುಧ ಪೂಜೆಯ ಹಿಂದಿನ ದಿನ ಮಧ್ಯಾಹ್ನ ಅದೂ ಆಯಿತು. ಮೇಜಿನ ಮೇಲೆ ಮೂರು ಗಾಲಿಯಲ್ಲಿ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟ. ವಿಮಾನ ಒಂದು ಕ್ಷಣ ನಿಂತಿತು. ಆಮೇಲೆ ನಿಧಾನವಾಗಿ ಮೂತಿ ಎತ್ತಿ, ಟಪ್ ಎಂದು ಬಾಲ ಊರಿ ಕುಳಿತುಬಿಟ್ಟಿತು.

ಮೂತಿ ಒತ್ತಿದ, ಕೈ ಬಿಟ್ಟರೆ ಟಪ್. ಬೈದ, ಟಪ್. ಬಾಲ ಬಿಚ್ಚೋಣವೆಂದರೆ ಅವನ ಅಂಟು ಅವನ ವೆಲ್ಡಿಂಗಿನಷ್ಟೇ ಗಟ್ಟಿ. ಎಳೆದರೆ ಬಣ್ಣವೂ ರೆಕ್ಕೆಯೂ ಒಟ್ಟಿಗೇ ಬರುತ್ತಿದ್ದವು. ಎರಡು ತಿಂಗಳ ಕೆಲಸ, ಮೂರು ಸಲದ ಬಣ್ಣ. ಉಚ್ಚೆಂಗೆಪ್ಪನಿಗೆ ಅಳು ಬರುವಂತಾಯಿತು. ನಾಳೆ ಅವಳು ಏನು ಹೇಳುತ್ತಾಳೆಂದು ಅವನಿಗೆ ಈಗಲೇ ಕೇಳಿಸುತ್ತಿತ್ತು.

ಮರುದಿನ ಅಂಗಳ ಸಾರಿಸಿ, ಸ್ಕೂಟರ್ ತೊಳೆದು, ಪಕ್ಕದ ಸ್ಟೂಲಿನ ಮೇಲೆ ವಿಮಾನ ಇಟ್ಟಿದ್ದಾಯಿತು, ಮೂತಿ ಆಕಾಶಕ್ಕೆ. ಅದೇ ಹೊತ್ತಿಗೆ ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ, ಹಳೇ ಸ್ನೇಹಿತ ಸಿದ್ದಲಿಂಗೇಶ್, ಗಿರಣಿಯ ಪೂಜೆ ಮುಗಿಸಿ ಪ್ರಸಾದ ಹಿಡಿದು ಬಂದ.

"ಏನಲೇ ಉಚ್ಚೆಂಗಿ, ನಿನ್ನ ಇಮಾನ ನಾಯಿ ಕುಂತಂಗ ಕುಂತೈತಲ್ಲ!" ಎಂದು ಹೊಟ್ಟೆ ಹಿಡಿದು ನಕ್ಕ. "ಹಿಂದ ಏನರ ತುಂಬಿಯೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ನಾನ್ಯಾಕ ತುಂಬ್ಲಿ? ನಾ ಏನೂ ತುಂಬಿಲ್ಲ" ಎಂದು ಉಚ್ಚೆಂಗೆಪ್ಪ ಎರಡೆರಡು ಸಲ ಹೇಳಿದ.

ತಿಪ್ಪಕ್ಕ ಇಬ್ಬರ ಕಡೆಗೂ ನೋಡಲಿಲ್ಲ. ಸ್ಕೂಟರಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಆಮೇಲೆ ವಿಮಾನದ ಮುಂದೆ ನಿಂತಳು. ಇದರ ಗಾಲಿ ಕಡಲೆಕಾಳಿನಷ್ಟು, ನಿಂಬೆಹಣ್ಣು ಇಡುವುದೆಲ್ಲಿ? ಸ್ವಲ್ಪ ಯೋಚಿಸಿ, ಬಾಲ ಎತ್ತಿ, ಹಣ್ಣನ್ನು ಅದರ ಅಡಿಗೆ ತಳ್ಳಿದಳು. ಮೂತಿ ಇಳಿಯಿತು. ಮೂರೂ ಗಾಲಿ ಸ್ಟೂಲಿಗೆ ತಾಗಿದವು. ಹೊರಡಲು ಹಸಿರು ನಿಶಾನೆ ಕಾಯುತ್ತಿರುವಂತೆ ವಿಮಾನ ನೆಟ್ಟಗೆ ನಿಂತಿತು.

ತಿಪ್ಪಕ್ಕ ಕುಂಕುಮದ ಬಟ್ಟಲು ಹಿಡಿದು ಬಗ್ಗಿದವಳು, ಗಾಜಿನ ಮುಚ್ಚಳದೊಳಗೆ ನೋಡುತ್ತ ಹಾಗೇ ನಿಂತಳು. ಒಳಗೆ ಇಬ್ಬರು ಪುಟ್ಟ ಪೈಲಟ್‌ಗಳು, ಬಿಳಿ ಹೆಲ್ಮೆಟ್ಟು. ಹಿಂದಿನವರ ಹಣೆಯ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ.

"ಏನ್ರಿ," ಎಂದಳು ಸಣ್ಣ ದನಿಯಲ್ಲಿ, "ಹಿಂದ ಕುಂತಾಕಿ ನಾನೇನ್ರಿ?"

ನಿಜ ಹೇಳಬೇಕೆಂದರೆ, ಆ ಚುಕ್ಕೆ ರೆಕ್ಕೆಗೆ ಕೆಂಪು ಗೆರೆ ಎಳೆಯುವಾಗ ಕುಂಚದಿಂದ ಸಿಡಿದದ್ದು. ಗಾಜು ಅಂಟಿಸಿದ ಮೇಲೆ ಅದು ಕಣ್ಣಿಗೆ ಬಿದ್ದು ಉಚ್ಚೆಂಗೆಪ್ಪ ಎರಡು ದಿನ ಊಟ ಸರಿಯಾಗಿ ಮಾಡಿರಲಿಲ್ಲ. ಬಾಲದ ವಿಷಯದಲ್ಲಿ ಈಗಷ್ಟೇ ಹೇಳಿದ ಸುಳ್ಳೊಂದನ್ನು ಬಿಟ್ಟರೆ, ತನ್ನ ಕೆಲಸದ ತಪ್ಪನ್ನು ಎಂದೂ ಮುಚ್ಚಿಟ್ಟವನಲ್ಲ. ಒಪ್ಪಿಕೊಳ್ಳಲು ಬಾಯಿಯನ್ನೂ ತೆಗೆದ. ಹೆಂಡತಿಯ ಮುಖ ನೋಡಿದ.

"ಮತ್ಯಾರು?" ಎಂದ.

ತಿಪ್ಪಕ್ಕ ಸೆರಗು ಸರಿಮಾಡಿಕೊಂಡು ಸಿದ್ದಲಿಂಗೇಶನ ಕಡೆ ತಿರುಗಿದಳು. "ನಗಬ್ಯಾಡ್ರಿ ಸಾವ್ಕಾರ್ರ. ಹಿಂದ ನಾ ಕುಂತೀನಿ, ಅದಕ್ಕ ಹಿಂದ ಭಾರ ಆಗೈತಿ. ಇಷ್ಟೂ ತಿಳ್ಯಂಗಿಲ್ಲೇನು?" ಆಮೇಲೆ ವಿಮಾನಕ್ಕೆ ಆರತಿ ಎತ್ತಿದಳು. ಎತ್ತುತ್ತ, ಗಾಜಿನೊಳಗಿನವಳನ್ನೇ ನೋಡುತ್ತ, "ಚಂದ ಐತ್ರಿ," ಎಂದಳು. "ಭಾಳ ಚಂದ ಐತಿ."

ಉಚ್ಚೆಂಗೆಪ್ಪನಿಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವಷ್ಟರಲ್ಲಿ ಸಿದ್ದಲಿಂಗೇಶ್ ವಿಮಾನದ ಬಾಲ ಮುಟ್ಟಿ, ತೂಗಿ ನೋಡಿ, ಒಳಗೇನೋ ಸಿಕ್ಕಿಕೊಂಡಿದೆ, ಬ್ಲೇಡು ತಂದರೆ ಎರಡೇ ನಿಮಿಷದಲ್ಲಿ ತೆಗೆದು ಸರಿಮಾಡಿಕೊಡುತ್ತೇನೆ ಎಂದ.

"ಕೈ ಹಚ್ಚಿದ್ರ ನೋಡು ಮಗನ," ಎಂದ ಉಚ್ಚೆಂಗೆಪ್ಪ.